ಚೇರಂಬಾಣೆಯಲ್ಲೂ ಮಡಿಕೇರಿಯಲ್ಲೂ ಒಂದೇ ಇನ್‌ಬಾಕ್ಸ್

ಸಂಜೆ ನಾಲ್ಕರೊಳಗೆ ಉತ್ತರ ಹೋಗಬೇಕಿದ್ದ ಪತ್ರ ಅದು. ಮಂಗಳೂರಿನ ವ್ಯಾಪಾರಿಯೊಬ್ಬರು ನಮ್ಮ ಕರಿಮೆಣಸಿನ ಮಾದರಿ ನೋಡಿ, ತೇವಾಂಶವೂ ಲೀಟರ್ ತೂಕವೂ ಒಪ್ಪಿಗೆಯಾಗಿವೆ, ಬೆಲೆ ಖಚಿತಪಡಿಸಿದರೆ ನಾಳೆಯೇ ಲಾರಿ ಕಳುಹಿಸುತ್ತೇವೆ ಎಂದು ಬರೆದಿದ್ದರು. ಮಡಿಕೇರಿಯ ಕಚೇರಿಯಲ್ಲಿ ನಾನು ಬೆಳಿಗ್ಗೆಯಿಂದ ಇನ್‌ಬಾಕ್ಸ್ ತೆರೆದುಕೊಂಡು ಕಾಯುತ್ತಿದ್ದೆ. ಪತ್ರ ಬರಲೇ ಇಲ್ಲ. ಐದಕ್ಕೆ ಅವರೇ ಫೋನ್ ಮಾಡಿ, ನಿಮ್ಮ ಸದ್ದಿಲ್ಲದ್ದರಿಂದ ಬೇರೆಯವರಲ್ಲಿ ಕೊಂಡೆವು ಎಂದರು. ಮಾಲೀಕರು ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಬೈದಿದ್ದರೆ ಮನಸ್ಸಿಗೆ ಹಗುರವಾಗುತ್ತಿತ್ತು.

ರಾತ್ರಿ ಚೇರಂಬಾಣೆಯ ಮನೆಗೆ ಬಂದು ನೋಡಿದರೆ ಪತ್ರ ಅಲ್ಲಿ ಕುಳಿತಿತ್ತು. ಬೆಳಿಗ್ಗೆ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಮನೆಯ ಕಂಪ್ಯೂಟರ್ ಆರಿಸುವುದನ್ನು ಮರೆತಿದ್ದೆ. 8.20ಕ್ಕೆ, ನಾನು ಬೆಟ್ಟಗೇರಿಯ ಆಚೆ ಬಸ್ಸಿನ ಕಂಬಿ ಹಿಡಿದು ನಿಂತಿದ್ದ ಹೊತ್ತಿನಲ್ಲಿ, ಅದು ಪತ್ರವನ್ನು ಇಳಿಸಿಕೊಂಡು ಸರ್ವರ್‌ನಲ್ಲಿ, ಅಂದರೆ ಇಮೇಲ್ ಸೇವೆಯವರ ಕಂಪ್ಯೂಟರ್‌ನಲ್ಲಿ, ಇದ್ದ ಮೂಲ ಪ್ರತಿಯನ್ನು ಅಳಿಸಿಬಿಟ್ಟಿತ್ತು. ಯಾರದೂ ಮೋಸವಲ್ಲ, ವೈರಸ್ಸೂ ಅಲ್ಲ. ಅದಕ್ಕೆ ಹೇಳಿಕೊಟ್ಟ ಕೆಲಸವನ್ನೇ ಅದು ಮಾಡಿತ್ತು.

ಕಾಫಿ, ಮೆಣಸಿನ ಲೆಕ್ಕ ಬರೆಯುವ ಕೆಲಸ ನನ್ನದು; ಕಂಪ್ಯೂಟರ್ ವಿದ್ಯೆ ಓದಿದವಳಲ್ಲ. ಆದರೂ ಆ ರಾತ್ರಿಯಿಂದ ಕಲಿತದ್ದನ್ನು ನನ್ನಂತೆ ಮನೆಯಲ್ಲೊಂದು, ಕಚೇರಿಯಲ್ಲೊಂದು ಕಂಪ್ಯೂಟರ್ ಇಟ್ಟುಕೊಂಡು ಪರದಾಡುವವರಿಗಾಗಿ ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು: ನಿಮ್ಮ ಎರಡೂ ಕಡೆ ಇಂಟರ್ನೆಟ್ ಸದಾ ಇರುವುದಾದರೆ ಇದನ್ನು ಓದುವ ಕಷ್ಟವೇ ಬೇಡ. ಬ್ರೌಸರ್‌ನಲ್ಲೇ ಇಮೇಲ್ ತೆರೆಯಿರಿ, ಎಲ್ಲ ಕಡೆ ಒಂದೇ ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು, ನೆಟ್‌ವರ್ಕ್ ಎರಡೂ ನೆಂಟರ ಹಾಗೆ ಬಂದು ಹೋಗುವ ಊರಿನವರಿಗೆ ಅದು ಸಾಲದು. ಪತ್ರಗಳು ಕಂಪ್ಯೂಟರ್‌ನಲ್ಲೂ ಇರಬೇಕು, ಎರಡು ಕಂಪ್ಯೂಟರ್‌ಗಳಲ್ಲಿ ಒಂದೇ ಥರವೂ ಇರಬೇಕು.

ಗೊಂದಲದ ಬೇರು ಇರುವುದು ಪಾಪ್, ಐಮ್ಯಾಪ್ ಎಂಬ ಎರಡು ಪದ್ಧತಿಗಳಲ್ಲಿ. ಪಾಪ್ ಎಂದರೆ ಪೋಸ್ಟ್ ಆಫೀಸ್ ಪ್ರೋಟೊಕಾಲ್. 1984ರಲ್ಲಿ ಹುಟ್ಟಿದ್ದು, ಈಗ ಬಳಕೆಯಲ್ಲಿರುವುದು ಅದರ ಮೂರನೆಯ ಆವೃತ್ತಿ. ಹೆಸರೇ ಹೇಳುವಂತೆ ಅದು ಅಂಚೆ ಕಚೇರಿಯ ರೀತಿ. ಮಳೆಗಾಲದಲ್ಲಿ ಪೇಟೆಗೆ ಹೋದವರ ಕೈಗೆ ಪೋಸ್ಟ್ ಮಾಸ್ಟರ್ ನಮ್ಮ ಕಾಗದಗಳನ್ನೂ ಕೊಟ್ಟು ಕಳುಹಿಸುವುದುಂಟಲ್ಲ, ಹಾಗೆ. ಯಾರು ಮೊದಲು ಹೋದರೋ ಅವರ ಕೈಗೆ ಕಾಗದ. ಆಮೇಲೆ ಹೋದವರಿಗೆ ಖಾಲಿ ಕಿಂಡಿ. ಮನೆಯಲ್ಲಿ ಒಂದೇ ಕಂಪ್ಯೂಟರ್, ನಿಮಿಷದ ಲೆಕ್ಕದಲ್ಲಿ ಹಣ ಕೊಡಬೇಕಾದ ಟೆಲಿಫೋನ್ ತಂತಿ ಇದ್ದ ಕಾಲಕ್ಕೆ ಅದೇ ಸರಿಯಾದ ಏರ್ಪಾಡು.

ಐಮ್ಯಾಪ್ ಬೇರೆ ಥರ. ಅದನ್ನು 1986ರಲ್ಲಿ ಮಾರ್ಕ್ ಕ್ರಿಸ್ಪಿನ್ ಎಂಬುವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದಾಗ ರೂಪಿಸಿದರು. ಅದನ್ನು ನಾನು ಅರ್ಥ ಮಾಡಿಕೊಂಡದ್ದು ನಮ್ಮ ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ಲೆಕ್ಕದಲ್ಲಿ. ಕುಟುಂಬದವರು ಮೈಸೂರು, ಬೆಂಗಳೂರು ಎಂದು ಚದುರಿಹೋಗಿದ್ದಾರೆ, ಆದರೆ ದೇವರ ಸಾಮಾನು, ಹಳೆಯ ಕಾಗದಪತ್ರದ ಪೆಟ್ಟಿಗೆ ಎಲ್ಲ ಐನ್‌ಮನೆಯಲ್ಲೇ. ಬೇಕಾದವರು ಬಂದು ನೋಡುತ್ತಾರೆ, ನಕಲು ತೆಗೆದುಕೊಳ್ಳುತ್ತಾರೆ, ಪೆಟ್ಟಿಗೆ ಹೊತ್ತುಕೊಂಡು ಹೋಗುವುದಿಲ್ಲ. ಐಮ್ಯಾಪ್‌ನಲ್ಲಿ ಸರ್ವರ್ ಐನ್‌ಮನೆ. ಒಂದು ಕಡೆ ಓದಿದ ಪತ್ರ ಇನ್ನೊಂದು ಕಡೆ ಓದಿದ್ದೆಂದೇ ತೋರುತ್ತದೆ, ಕಚೇರಿಯಲ್ಲಿ ಮಾಡಿದ ಫೋಲ್ಡರ್ ಮನೆಯಲ್ಲೂ ಕಾಣುತ್ತದೆ.

ನಿಮ್ಮದು ಯಾವುದು ಎಂದು ಮೊದಲು ತಿಳಿದುಕೊಳ್ಳಿ. ಮನೆಯಲ್ಲಿ ನಾನು ಬಳಸುವುದು ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ. ಅದರ ಎಡಬದಿಯಲ್ಲಿ ಖಾತೆಯ ಹೆಸರಿನ ಮೇಲೆ ಬಲ ಗುಂಡಿ ಒತ್ತಿ ‘ಸೆಟ್ಟಿಂಗ್ಸ್’ಗೆ ಹೋದರೆ ‘ಸರ್ವರ್ ಸೆಟ್ಟಿಂಗ್ಸ್’ ಎಂಬ ಪುಟವಿದೆ. ಸರ್ವರ್ ಯಾವ ಬಗೆಯದು ಎಂದು ಅಲ್ಲಿ ಮೊದಲ ಸಾಲುಗಳಲ್ಲೇ ಬರೆದಿರುತ್ತದೆ. ಹಳೆಯ ಮಾದರಿಯ ಔಟ್‌ಲುಕ್‌ನಲ್ಲಾದರೆ ಫೈಲ್ ಮೆನುವಿನ ‘ಅಕೌಂಟ್ ಸೆಟ್ಟಿಂಗ್ಸ್’ ಪಟ್ಟಿಯಲ್ಲಿ ಖಾತೆಯ ಎದುರು ಇರುತ್ತದೆ. ಐಮ್ಯಾಪ್ ಎಂದಿದ್ದರೆ ಅರ್ಧ ಕೆಲಸ ಮುಗಿಯಿತು. ಪಾಪ್ ಎಂದಿದ್ದರೆ ಇವತ್ತೇ ಒಂದು ತುರ್ತು ಚಿಕಿತ್ಸೆ ಮಾಡಿ: ಅದೇ ಪುಟದಲ್ಲಿ, ಪತ್ರಗಳನ್ನು ಸರ್ವರ್‌ನಲ್ಲೇ ಬಿಡಬೇಕು ಎಂಬರ್ಥದ ಸಾಲಿಗೆ ಗುರುತು ಹಾಕಿ. ಅದರ ಕೆಳಗೆ ಇಷ್ಟು ದಿನ ಮಾತ್ರ ಬಿಡು ಎಂಬ ಸಾಲೂ ಇರುತ್ತದೆ, ಅದರ ಗುರುತು ತೆಗೆಯಿರಿ. ಇದರಿಂದ ಹೊಸ ಪತ್ರಗಳು ಎರಡೂ ಕಡೆ ಬರುತ್ತವೆ. ಆದರೆ ಮನೆಯಿಂದ ಕಳುಹಿಸಿದ ಉತ್ತರ ಕಚೇರಿಯಲ್ಲಿ ಕಾಣುವುದಿಲ್ಲ, ಒಂದೇ ಪತ್ರವನ್ನು ಎರಡೆರಡು ಸಲ ಓದುತ್ತೀರಿ. ಇಂಥ ಅರೆಬರೆ ವ್ಯವಸ್ಥೆಯಲ್ಲಿ ಒಂದು ತಿಂಗಳು ಕಳೆದ ನಾನು ಒಬ್ಬರೇ ವ್ಯಾಪಾರಿಗೆ ಒಂದೇ ವಿಷಯಕ್ಕೆ ಎರಡು ಉತ್ತರ ಕಳುಹಿಸಿದ್ದೆ. ಎರಡರಲ್ಲಿ ಬೆಲೆ ಬೇರೆ ಬೇರೆ.

ಪೆನ್ ಡ್ರೈವ್ ಉಪಾಯವನ್ನೂ ಮಾಡಿ ನೋಡಿದ್ದೇನೆ. ಇಡೀ ಇಮೇಲ್ ಫೋಲ್ಡರನ್ನು ಪೆನ್ ಡ್ರೈವ್‌ನಲ್ಲಿ ಹಾಕಿಕೊಂಡು ದಿನಾ ಬಸ್ಸಿನಲ್ಲಿ ಓಡಾಡುವುದು. ಮೂರನೆಯ ವಾರ ಅದು ರೇನ್‌ಕೋಟಿನ ಜೇಬಿನಲ್ಲಿ ನೆನೆಯಿತು. ಅದರ ಬಗ್ಗೆ ಇಷ್ಟು ಸಾಕು.

ಐಮ್ಯಾಪ್‌ಗೆ ಬದಲಾಯಿಸುವುದು ಎಂದರೆ ಇದ್ದ ಖಾತೆಯ ಬಗೆಯನ್ನು ತಿದ್ದುವುದಲ್ಲ. ಥಂಡರ್‌ಬರ್ಡ್ ಅದಕ್ಕೆ ಅವಕಾಶ ಕೊಡುವುದಿಲ್ಲ. ಹಳೆಯ ಖಾತೆಯ ಪಕ್ಕದಲ್ಲಿ ಅದೇ ವಿಳಾಸಕ್ಕೆ ಹೊಸದೊಂದು ಐಮ್ಯಾಪ್ ಖಾತೆ ಹೂಡಿ, ಹಳೆಯ ಪತ್ರಗಳನ್ನು ಅದಕ್ಕೆ ದಾಟಿಸಬೇಕು. ಅದಕ್ಕೂ ಮುಂಚೆ ಒಂದು ಪೂರ್ತಿ ನಕಲು ತೆಗೆದಿಡಿ. ಸಹಾಯದ ಮೆನುವಿನಲ್ಲಿ ‘ಟ್ರಬಲ್‌ಶೂಟಿಂಗ್ ಇನ್‌ಫರ್ಮೇಶನ್’ ಒತ್ತಿದರೆ ನಿಮ್ಮ ಪತ್ರಗಳೂ ಸೆಟ್ಟಿಂಗ್‌ಗಳೂ ಇರುವ ಪ್ರೊಫೈಲ್ ಫೋಲ್ಡರ್ ಎಲ್ಲಿದೆ ಎಂದು ತೋರಿಸುತ್ತದೆ, ಅಲ್ಲಿಂದಲೇ ತೆರೆಯಲೂಬಹುದು. ಥಂಡರ್‌ಬರ್ಡ್ ಮುಚ್ಚಿ, ಆ ಫೋಲ್ಡರನ್ನು ಹಾಗೆಯೇ ಬೇರೊಂದು ಡಿಸ್ಕಿಗೆ ನಕಲಿಸಿ. ಮುಚ್ಚದೆ ನಕಲಿಸಬೇಡಿ, ಅರ್ಧಂಬರ್ಧ ಬರುತ್ತದೆ.

ಇನ್ನೊಂದು ಎಚ್ಚರವನ್ನು ನಾನು ತಪ್ಪಿ ಕಲಿತೆ. ಹಳೆಯ ಪಾಪ್ ಖಾತೆಯ ಸರ್ವರ್ ಪುಟದಲ್ಲಿ, ಪ್ರಾರಂಭದಲ್ಲಿ ಹೊಸ ಪತ್ರ ನೋಡು, ಇಂತಿಷ್ಟು ನಿಮಿಷಕ್ಕೊಮ್ಮೆ ನೋಡು ಎಂಬ ಎರಡೂ ಗುರುತುಗಳನ್ನು ತೆಗೆದುಬಿಡಿ. ಇಲ್ಲದಿದ್ದರೆ ನೀವು ಒಂದು ಬಾಗಿಲಿನಿಂದ ಐನ್‌ಮನೆಗೆ ಸಾಮಾನು ಸಾಗಿಸುತ್ತಿರುವಾಗ ಇದು ಹಿಂಬಾಗಿಲಿನಿಂದ ಹೊತ್ತುಕೊಂಡು ಬರುತ್ತಿರುತ್ತದೆ.

ಹೊಸ ಖಾತೆ ಸೇರಿಸುವಾಗ ಹೆಸರು, ವಿಳಾಸ, ಪಾಸ್‌ವರ್ಡ್ ಕೊಟ್ಟರೆ ಥಂಡರ್‌ಬರ್ಡ್ ಉಳಿದದ್ದನ್ನು ತಾನೇ ಹುಡುಕಿಕೊಳ್ಳುತ್ತದೆ. ಹುಡುಕಲಾಗದಿದ್ದರೆ ನಿಮ್ಮ ಇಮೇಲ್ ಸೇವೆಯವರಿಂದ ಸರ್ವರ್‌ಗಳ ಹೆಸರು ಕೇಳಿ ಪಡೆಯಿರಿ. ಒಳಬರುವ ಐಮ್ಯಾಪ್‌ಗೆ ಪೋರ್ಟ್ 993, ಭದ್ರತೆ ಎಸ್‌ಎಸ್‌ಎಲ್. ಹೊರಹೋಗುವ ಎಸ್‌ಎಂಟಿಪಿಗೆ 465 ಅಥವಾ 587. ಬಳಕೆದಾರರ ಹೆಸರಿನ ಜಾಗದಲ್ಲಿ ಸಾಮಾನ್ಯವಾಗಿ ಇಡೀ ಇಮೇಲ್ ವಿಳಾಸ ಬೇಕು, ಅರ್ಧ ಬರೆದು ಪಾಸ್‌ವರ್ಡ್ ತಪ್ಪೆಂದು ಬೈದುಕೊಳ್ಳಬೇಡಿ. ಜಿಮೇಲ್ ಆದರೆ ಬ್ರೌಸರ್‌ನ ಹಾಗೆ ಒಂದು ಕಿಟಕಿ ತೆರೆದುಕೊಂಡು ಗೂಗಲ್‌ನ ಲಾಗಿನ್ ಕೇಳುತ್ತದೆ, ಒಪ್ಪಿಗೆ ಕೊಡಿ. 2022ರ ಮೇ ಕೊನೆಯಲ್ಲಿ ಗೂಗಲ್ ಬರೀ ಪಾಸ್‌ವರ್ಡ್ ಕೊಟ್ಟು ಒಳಗೆ ಬರುವ ಹಳೆಯ ದಾರಿಯನ್ನು ಮುಚ್ಚಿತು. ತೀರಾ ಹಳೆಯ ತಂತ್ರಾಂಶ ಇಟ್ಟುಕೊಂಡವರು ಎರಡು ಹಂತದ ಪರಿಶೀಲನೆ ಚಾಲೂ ಮಾಡಿ, 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು. ಹೊಸ ಆವೃತ್ತಿ ಹಾಕಿಕೊಳ್ಳುವುದು ಅದಕ್ಕಿಂತ ಸುಲಭ.

ಇನ್ನು ಹಳೆಯ ಪತ್ರಗಳ ಸಾಗಣೆ. ಎಷ್ಟು ಜಾಗವಿದೆ ಎಂದು ಮೊದಲು ನೋಡಿ. ಜಿಮೇಲ್‌ನ ಉಚಿತ 15 ಜಿಬಿ ಬರೀ ಪತ್ರಗಳಿಗಲ್ಲ, ನಿಮ್ಮ ಫೋಟೊಗಳಿಗೂ ಡ್ರೈವ್‌ಗೂ ಸೇರಿ. ಮೊಮ್ಮಗುವಿನ ವಿಡಿಯೊಗಳೇ 12 ಜಿಬಿ ತುಂಬಿದ್ದರೆ ಹತ್ತು ವರ್ಷದ ಬಿಲ್ಲುಗಳಿಗೆ ಎಲ್ಲಿ ಜಾಗ? ಆಮೇಲೆ ಹೊಸ ಖಾತೆಯಲ್ಲಿ ವರ್ಷಕ್ಕೊಂದು ಫೋಲ್ಡರ್ ಮಾಡಿ. ನಾನು ಕಾಫಿ ವರ್ಷದ ಪ್ರಕಾರ, ಅಕ್ಟೋಬರ್‌ನಿಂದ ಸೆಪ್ಟೆಂಬರ್‌ವರೆಗೆ, ಮಾಡಿದೆ; ನಮ್ಮ ಲೆಕ್ಕವೆಲ್ಲ ಹಾಗೇ ಓಡುವುದು. ಹಳೆಯ ಇನ್‌ಬಾಕ್ಸ್‌ನಲ್ಲಿ ಇನ್ನೂರು ಮುನ್ನೂರು ಪತ್ರಗಳನ್ನು ಆರಿಸಿ, ಬಲ ಗುಂಡಿ ಒತ್ತಿ, ‘ಕಾಪಿ’ ಎಂಬುದರಿಂದ ಹೊಸ ಫೋಲ್ಡರಿಗೆ ಹಾಕಿ. ‘ಮೂವ್’ ಎಂಬುದು ಬೇಡ. ಎಂಟು ಸಾವಿರ ಪತ್ರಗಳನ್ನು ಒಂದೇ ಬಾರಿಗೆ ಎಳೆದು ಬಿಡಲೂಬೇಡಿ. ನಡುವೆ ಸಂಪರ್ಕ ಕಡಿದರೆ ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಎಣಿಸುತ್ತಾ ಕೂರಬೇಕಾಗುತ್ತದೆ. ಪ್ರತಿ ಕಂತಿನ ಬಳಿಕ ಬ್ರೌಸರ್‌ನಲ್ಲಿ ತೆರೆದು ನೋಡಿ. ಅಲ್ಲಿ ಕಂಡರೆ ಮಾತ್ರ ಅದು ಸರ್ವರ್ ಸೇರಿದೆ ಎಂದು ನಂಬಿ.

ನನ್ನ ಕಷ್ಟವೆಂದರೆ ಏಳೆಂಟು ವರ್ಷದ ಪತ್ರಗಳಲ್ಲಿ ಅರ್ಧ ಮನೆಯ ಕಂಪ್ಯೂಟರ್‌ನಲ್ಲಿದ್ದವು, ನಮ್ಮ ಮನೆಯ ಇಂಟರ್ನೆಟ್ ಕೆಳಗಿಳಿಸುವುದಕ್ಕೆ ಹೇಗೋ ಸಾಕು, ಮೇಲೇರಿಸುವುದಕ್ಕೆ ತೆವಳುತ್ತದೆ. ಕೊನೆಗೆ ಸಿಪಿಯು ಪೆಟ್ಟಿಗೆಯನ್ನು ಎರಡು ಕಾಫಿ ಗೋಣಿಗಳಲ್ಲಿ ಸುತ್ತಿ, ಗೊಬ್ಬರ ತರಲು ಮಡಿಕೇರಿಗೆ ಹೊರಟಿದ್ದ ನಮ್ಮ ಜೀಪಿನಲ್ಲಿ ಹಾಕಿಕೊಂಡು ಹೋದೆ. ಕಚೇರಿಯ ಸಂಪರ್ಕಕ್ಕೆ ಜೋಡಿಸಿ ಶನಿವಾರ, ಭಾನುವಾರ ಎರಡು ದಿನದಲ್ಲಿ ಕೆಲಸ ಮುಗಿಸಿದೆ. ಗೋಣಿ ಬಿಚ್ಚಿದಾಗ ಪೆಟ್ಟಿಗೆಯ ಒಳಗೆ ಬೂಸಲು ಹಿಡಿದಿದ್ದು ಕಂಡು ನಾಚಿಕೆಯಾಯಿತು. ಈಗ ಮಳೆಗಾಲದಲ್ಲಿ ಅದರ ಪಕ್ಕ ಒಂದು ಸಣ್ಣ ಬಲ್ಬು ಉರಿಸಿಡುತ್ತೇನೆ, ಅತ್ತೆ ರೇಷ್ಮೆ ಸೀರೆಯ ಕಪಾಟಿನಲ್ಲಿ ಉರಿಸುವ ಹಾಗೆ.

ಎಲ್ಲ ದಾಟಿದ ಮೇಲೆ ಹಳೆಯ ಖಾತೆಯನ್ನು ತಕ್ಷಣ ಕಿತ್ತು ಹಾಕಬೇಡಿ. ಒಂದು ಕೊಯ್ಲು ಮುಗಿಯುವವರೆಗಾದರೂ ಇರಲಿ. ತೆಗೆಯುವ ದಿನ ಅದು ಪತ್ರಗಳನ್ನೂ ಅಳಿಸಲೇ ಎಂದು ಕೇಳುತ್ತದೆ. ಆ ಚೌಕಕ್ಕೆ ಗುರುತು ಹಾಕಬೇಡಿ.

ಎರಡನೆಯ ಕಂಪ್ಯೂಟರ್‌ನಲ್ಲೂ ಐಮ್ಯಾಪ್ ಖಾತೆ ಹೂಡಿದರೆ ಇನ್‌ಬಾಕ್ಸ್ ಒಂದಾಗುತ್ತದೆ. ಇಷ್ಟಕ್ಕೇ ಮುಗಿಯಿತೆಂದು ನಾನು ಸಂಭ್ರಮಿಸಿದ್ದೆ. ಕಳುಹಿಸಿದ ಪತ್ರಗಳು ಮಾತ್ರ ಆಗಲೂ ಬೇರೆ ಬೇರೆಯಾಗಿಯೇ ಇದ್ದವು! ಕಾರಣ, ಮನೆಯ ಥಂಡರ್‌ಬರ್ಡ್ ‘ಸೆಂಟ್’ ಎಂಬ ಫೋಲ್ಡರಿಗೂ ಕಚೇರಿಯ ಔಟ್‌ಲುಕ್ ‘ಸೆಂಟ್ ಐಟಮ್ಸ್’ ಎಂಬ ಇನ್ನೊಂದಕ್ಕೂ ಹಾಕುತ್ತಿದ್ದವು. ಥಂಡರ್‌ಬರ್ಡ್‌ನ ಖಾತೆ ಸೆಟ್ಟಿಂಗ್ಸ್‌ನಲ್ಲಿ ‘ಕಾಪೀಸ್ ಆ್ಯಂಡ್ ಫೋಲ್ಡರ್ಸ್’ ಎಂಬ ಪುಟವಿದೆ. ಕಳುಹಿಸಿದ್ದು, ಕರಡು ಎರಡೂ ಐಮ್ಯಾಪ್ ಖಾತೆಯ ಯಾವ ಫೋಲ್ಡರಿಗೆ ಹೋಗಬೇಕೆಂದು ಅಲ್ಲಿ ಕೈಯಿಂದ ಆರಿಸಿ, ಎರಡೂ ಕಡೆ ಒಂದೇ ಇರುವಂತೆ ನೋಡಿಕೊಳ್ಳಿ. ಜಿಮೇಲ್ ತನ್ನ ಸರ್ವರ್ ಮೂಲಕ ಹೋದ ಪತ್ರದ ಪ್ರತಿಯನ್ನು ತಾನೇ ಇಟ್ಟುಕೊಳ್ಳುವುದರಿಂದ, ಅಲ್ಲಿ ಜೋಡಿ ಪ್ರತಿ ಕಾಣಿಸಿಕೊಂಡರೆ ಪ್ರತಿ ಇಡುವ ಗುರುತನ್ನು ತೆಗೆಯಿರಿ. ಕರಡು ಒಂದಾದದ್ದು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಕಚೇರಿಯಲ್ಲಿ ಅರ್ಧ ಬರೆದ ಪತ್ರವನ್ನು ಐದೂವರೆಯ ಬಸ್ಸಿಗಾಗಿ ಬಿಟ್ಟು ಬಂದು, ರಾತ್ರಿ ಊಟವಾದ ಮೇಲೆ ಅದೇ ವಾಕ್ಯದ ನಡುವಿನಿಂದ ಮುಂದುವರಿಸಬಹುದು.

ಲೋಕಲ್ ಫೋಲ್ಡರ್ಸ್ ಎಂಬ ಹೆಸರು ಎಡಬದಿಯಲ್ಲಿ ಕಾಣುತ್ತದಲ್ಲ, ಅದರ ಬಗ್ಗೆ ಹುಷಾರು. ಅಲ್ಲಿಗೆ ಸರಿಸಿದ ಪತ್ರ ಸರ್ವರ್‌ನಿಂದ ಹೋಗಿ ಆ ಒಂದು ಕಂಪ್ಯೂಟರ್‌ನ ಸ್ವತ್ತಾಗುತ್ತದೆ. ಹಳೆಯ ಪಾಪ್ ಕಥೆಯೇ. ಫಿಲ್ಟರ್‌ಗಳೂ ಹಾಗೆಯೇ. ಬ್ಯಾಂಕಿನ ಪತ್ರಗಳನ್ನು ಬೇರೆ ಇಡಲು ಮನೆಯಲ್ಲಿ ಮಾಡಿದ ಫಿಲ್ಟರ್ ಮನೆಯ ಕಂಪ್ಯೂಟರ್ ಚಾಲೂ ಇದ್ದಾಗ ಮಾತ್ರ ಕೆಲಸ ಮಾಡುತ್ತದೆ. ಅವನ್ನು ಬ್ರೌಸರ್‌ನಲ್ಲಿ ಸರ್ವರ್‌ನ ಮೇಲೆಯೇ ಬರೆದರೆ ಎರಡೂ ಕಡೆ ಲಾಭ. ವಿಳಾಸ ಪುಸ್ತಕವನ್ನು ಐಮ್ಯಾಪ್ ಹೊರುವುದೇ ಇಲ್ಲ. ಅದಕ್ಕೆ ಕಾರ್ಡ್‌ಡ್ಯಾವ್ ಎಂಬ ಬೇರೆ ಪದ್ಧತಿಯಿದೆ, 2021ರ ಥಂಡರ್‌ಬರ್ಡ್ 91ರಿಂದ ಅದು ಒಳಗೇ ಇದೆ.

ಎಲ್ಲ ಸರಿಹೋಗಿ ಐದು ತಿಂಗಳಾದ ಮೇಲೆ ಪತ್ರಗಳು ಮತ್ತೆ ಮಾಯವಾಗತೊಡಗಿದವು. ಬೆಳಿಗ್ಗೆ ಫೋನಿನಲ್ಲಿ ಕಂಡ ಪತ್ರ ಮಧ್ಯಾಹ್ನಕ್ಕೆ ಎಲ್ಲೂ ಇಲ್ಲ, ಕಸದ ಬುಟ್ಟಿಯಲ್ಲೂ ಇಲ್ಲ. ನನಗೆ ನನ್ನ ಮೇಲೇ ಅನುಮಾನ ಬಂತು. ಆಗ ಹೊಳೆದ ಉಪಾಯವನ್ನು ನೀವೂ ಇಟ್ಟುಕೊಳ್ಳಿ: ಓದದ ಪತ್ರಗಳು ಸದ್ದಿಲ್ಲದೆ ಕಾಣೆಯಾಗುತ್ತಿದ್ದರೆ ಎಲ್ಲೋ ಒಂದು ಯಂತ್ರ ಇನ್ನೂ ಪಾಪ್‌ನಲ್ಲಿ ಇಳಿಸಿಕೊಳ್ಳುತ್ತಿರಬಹುದು. ಖಾತೆಯ ಪಾಸ್‌ವರ್ಡ್ ಬದಲಾಯಿಸಿ. ನಿಮಗೆ ಗೊತ್ತಿರುವ ಕಂಪ್ಯೂಟರ್‌ಗಳಿಗೆ ಹೊಸದನ್ನು ಕೊಡಿ. ಗೊತ್ತಿಲ್ಲದ್ದು ತಾನಾಗಿ ದೂರು ಹೇಳಿಕೊಂಡು ಬರುತ್ತದೆ. ಮರುದಿನವೇ ಮಾಲೀಕರ ಬಂಗಲೆಯಿಂದ ಫೋನ್ ಬಂತು. ರಜೆಗೆ ಬಂದಿದ್ದ ಅವರ ಮಗ ಹಳೆಯ ಲ್ಯಾಪ್‌ಟಾಪಿನಲ್ಲಿ ಆಟವಾಡುವಾಗೆಲ್ಲ ಯಾವುದೋ ಪಾಸ್‌ವರ್ಡ್ ಕೇಳುತ್ತಿದೆಯಂತೆ. ಮೂರು ವರ್ಷ ಹಿಂದೆ ಆ ಲ್ಯಾಪ್‌ಟಾಪಿಗೆ ಖಾತೆ ಹಾಕಿಕೊಟ್ಟವಳು ನಾನೇ.

ಮಳೆಗಾಲದ ಏರ್ಪಾಡು ಪ್ರತ್ಯೇಕ. ಸರ್ವರ್ ಐನ್‌ಮನೆಯಾದರೆ ಅಲ್ಲಿಗೆ ದಾರಿ ಮುಚ್ಚಿದಾಗ ಕೈಯಲ್ಲಿ ನಕಲು ಇರಬೇಕು. ಥಂಡರ್‌ಬರ್ಡ್‌ನ ‘ಸಿಂಕ್ರನೈಸೇಶನ್ ಆ್ಯಂಡ್ ಸ್ಟೋರೇಜ್’ ಪುಟದಲ್ಲಿ, ಈ ಖಾತೆಯ ಪತ್ರಗಳನ್ನು ಈ ಕಂಪ್ಯೂಟರ್‌ನಲ್ಲೂ ಇಡು ಎಂಬ ಸಾಲಿಗೆ ಗುರುತಿರಲಿ. ಎಲ್ಲವನ್ನೂ ಇಡಬೇಕೆಂದಿಲ್ಲ, ಇತ್ತೀಚಿನ ಇಷ್ಟು ದಿನದ್ದು, ಇಂಥ ಫೋಲ್ಡರಿನದು ಎಂದು ಆರಿಸಬಹುದು. ಮನೆಯಲ್ಲಿ ನಾನು ಈ ವರ್ಷದ್ದನ್ನು ಮಾತ್ರ ಇಡುತ್ತೇನೆ. ಗಾಳಿ ಜೋರಾಗುವ ಲಕ್ಷಣ ಕಂಡರೆ, ಕರೆಂಟು ಹೋಗುವ ಮೊದಲೇ, ಫೈಲ್ ಮೆನುವಿನ ‘ಆಫ್‌ಲೈನ್’ ಎಂಬಲ್ಲಿ ಎಲ್ಲವನ್ನೂ ಇಳಿಸಿಕೊಳ್ಳುವ ಆದೇಶ ಕೊಡುತ್ತೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದು ಮಡಿಕೇರಿ–ಮಂಗಳೂರು ಹೆದ್ದಾರಿ ಮುಚ್ಚಿದಾಗ, ಕಚೇರಿಗೆ ಬರಬೇಡ ಎಂದರು. ಯಾವ ಸರಕು ಎಲ್ಲಿ ಸಿಕ್ಕಿಕೊಂಡಿದೆ, ಯಾರಿಗೆ ಗಡುವು ಕೇಳಬೇಕು ಎಂಬ ಪತ್ರಗಳೆಲ್ಲ ಮನೆಯಲ್ಲೇ ಇದ್ದವು. ಯುಪಿಎಸ್ ಕೊಟ್ಟ ಅರ್ಧ ಗಂಟೆಯಲ್ಲಿ ಎಲ್ಲರ ನಂಬರು ಬರೆದುಕೊಂಡು, ನೆಟ್‌ವರ್ಕ್ ಸಿಗುವ ಜಗಲಿಯ ಮೂಲೆಯಲ್ಲಿ ನಿಂತು ಒಬ್ಬೊಬ್ಬರಿಗೂ ಫೋನ್ ಮಾಡಿದೆ.

ಒಂದಾಗಿರುವುದು ಬೇರೆ, ಕಾಪಾಡಿಟ್ಟದ್ದು ಬೇರೆ. ಐಮ್ಯಾಪ್‌ನಲ್ಲಿ ಮನೆಯಲ್ಲಿ ಅಳಿಸಿದ್ದು ಕಚೇರಿಯಲ್ಲೂ ಅಳಿಯುತ್ತದೆ. ಜಿಮೇಲ್‌ನ ಕಸದ ಬುಟ್ಟಿ 30 ದಿನ ಕಾಯುತ್ತದೆ, ಆಮೇಲೆ ಖಾಲಿ. ಆದ್ದರಿಂದ ಪ್ರೊಫೈಲ್ ಫೋಲ್ಡರಿನ ಒಂದು ನಕಲನ್ನು ವರ್ಷಕ್ಕೆರಡು ಸಲ, ನಮ್ಮ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೊಮ್ಮೆ, ಯುಗಾದಿ ಹೊತ್ತಿಗೊಮ್ಮೆ, ಹೊರಗಿನ ಡಿಸ್ಕಿಗೆ ತೆಗೆದು ಬೀರುವಿನಲ್ಲಿ ಇಡುತ್ತೇನೆ. ಹಾಗೆಯೇ ಕಚೇರಿಯ ಪತ್ರಗಳನ್ನು ಮನೆಗೆ ತರುವ ಮೊದಲು ಮಾಲೀಕರನ್ನು ಕೇಳಿ. ಕೆಲವು ಕಡೆ ಅದಕ್ಕೆ ಅನುಮತಿಯೇ ಇಲ್ಲ. ಮನೆಯ ಕಂಪ್ಯೂಟರ್‌ನಲ್ಲಿ ಮಕ್ಕಳಿಗೆ ಬೇರೆ ಬಳಕೆದಾರ ಖಾತೆ ಮಾಡಿಕೊಡಿ.

ಔಟ್‌ಬಾಕ್ಸ್ ಒಂದು ಬಾಕಿ ಇದೆ. ಸಂಪರ್ಕವಿಲ್ಲದಾಗ ಬರೆದು, ಆಮೇಲೆ ಕಳುಹಿಸು ಎಂದು ಬಿಟ್ಟ ಪತ್ರ ಔಟ್‌ಬಾಕ್ಸ್‌ನಲ್ಲಿ ಕೂರುತ್ತದೆ. ಅದು ಸರ್ವರ್‌ಗೆ ಸೇರಿದ್ದಲ್ಲ, ಆ ಕಂಪ್ಯೂಟರ್‌ನದೇ. ಕತ್ತಲಲ್ಲಿ ಮನೆಯಲ್ಲಿ ಬರೆದು ಮಲಗಿ, ಬೆಳಿಗ್ಗೆ ಕರೆಂಟು ಬರುವ ಮೊದಲೇ ಬಸ್ಸು ಹತ್ತಿದರೆ ಕಚೇರಿಯಲ್ಲಿ ಅದರ ಸುಳಿವೂ ಸಿಗುವುದಿಲ್ಲ. ಹೋದ ಜುಲೈನಲ್ಲಿ ಹೀಗೆ ಎರಡು ದಿನ ಒಂದು ಬಿಲ್ಲು ಅಲ್ಲೇ ಮಲಗಿತ್ತು. ಅಂಥ ಪತ್ರಗಳ ಹೆಸರನ್ನು ಈಗ ಒಂದು ಚೀಟಿಯಲ್ಲಿ ಬರೆದು ಟಿಫಿನ್ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಕೊಳ್ಳುತ್ತೇನೆ. ಮಧ್ಯಾಹ್ನದೊಳಗೆ ಹೇಗೂ ಕಣ್ಣಿಗೆ ಬೀಳುತ್ತದೆ.